ಕಲಬುರಗಿಯ ಬಿಸಿಲು, ನಮ್ಮ ಹಳೆಯ ಕಾರು

ಬೇಸಿಗೆ ರಜೆಯಲ್ಲಿ ಕಲಬುರಗಿ, ಬೀದರ್ ಕಡೆಗೆ ಹೊರಡುವ ಯೋಚನೆ ಇದೆಯೇ? ಮನೆಯಲ್ಲಿರುವುದು ಹಳೆಯ ಕಾರಾದರೆ ನಮ್ಮ ಅನುಭವವನ್ನೊಮ್ಮೆ ಓದಿ ಹೊರಡಿ.

ಅದು 2006ರ ಮೇ ತಿಂಗಳು. ಬೀದರ್‌ನಲ್ಲಿ ಸಂಬಂಧಿಕರ ಮದುವೆ. ಇಂದಿನ ವಿಜಯಪುರವಾದ ಬಿಜಾಪುರದಿಂದ ನಾನು, ನಮ್ಮವರು, ರಕ್ತದೊತ್ತಡವಿದ್ದ ಅತ್ತೆ ಮತ್ತು ಒಂಬತ್ತು ತಿಂಗಳ ಮಗಳು ಹೊರಟೆವು. ಕಾರು 1994ರದ್ದು. ಹಿಂದಿನ ದಿನವಷ್ಟೇ ಊರಿನ ಅಂಗಡಿಯೊಂದರಲ್ಲಿ ಎ.ಸಿ.ಗೆ ಗ್ಯಾಸ್ ತುಂಬಿಸಿದ್ದೆವು. ಎರಡು ತಿಂಗಳಲ್ಲಿ ಅದು ಮೂರನೆಯ ಸಲ!

ಸಿಂದಗಿಯವರೆಗೆ ತಂಪಾಗಿಯೇ ಇತ್ತು. ಜೇವರ್ಗಿ ದಾಟಿ ಭೀಮಾ ನದಿಯ ಸೇತುವೆ ಬರುವಷ್ಟರಲ್ಲಿ ಒಲೆಯ ಮುಂದೆ ಕುಳಿತಂತೆ ಬಿಸಿಗಾಳಿ. ಕಿಟಕಿ ಇಳಿಸಿದರೆ ಅದಕ್ಕಿಂತ ಬಿಸಿ. ಮಗುವಿನ ಮುಖ ಕೆಂಪೇರಿತು. ಅತ್ತೆ ಮಾತು ನಿಲ್ಲಿಸಿಬಿಟ್ಟರು. ಒದ್ದೆ ಬಟ್ಟೆಯಿಂದ ಒಮ್ಮೆ ಮಗುವಿನ ಹಣೆ, ಒಮ್ಮೆ ಅತ್ತೆಯ ಕೈ ಒರೆಸುತ್ತಾ ಕಲಬುರಗಿ ಮುಟ್ಟಿದೆ. ಆ ಒಂದು ಗಂಟೆಯನ್ನು ನಾನಿಂದಿಗೂ ಮರೆತಿಲ್ಲ.

ಪರಿಚಯದವರ ಮನೆಯಲ್ಲಿ ಅವರಿಬ್ಬರನ್ನು ಮಲಗಿಸಿ ಗ್ಯಾರೇಜಿಗೆ ಹೋದೆವು. ವಯಸ್ಸಾದ ಮೆಕ್ಯಾನಿಕ್ ಚಾಚಾ ಬಾನೆಟ್ ಎತ್ತಿ, ಒಂದು ಪೈಪಿನ ಸಂದಿಯಲ್ಲಿ ಅಂಟಿದ್ದ ಎಣ್ಣೆಯ ಜಿಡ್ಡು ತೋರಿಸಿದರು. ಸಾಬೂನಿನ ನೊರೆ ಹಚ್ಚಿದಾಗ ಗುಳ್ಳೆ ಎದ್ದಿತು.

“ನೋಡು ಬೇಟಿ, ಗ್ಯಾಸ್ ಖರ್ಚಾಗೂದಿಲ್ಲ. ಅದೇ ಗ್ಯಾಸ್ ಒಳಗೇ ತಿರಗತಿರ್ತದ. ಕಡಿಮಿ ಆಗ್ಯಾದ ಅಂದ್ರ ಎಲ್ಲೋ ಸೋರ್ಯಾದ ಅಂತಲೇ” ಎಂದರು.

ಮಣ್ಣಿನ ಹೂಜಿಯ ನೀರು ತಂಪಾಗುವುದು ಹೇಗೆಂದು ನಿಮಗೆ ಗೊತ್ತು. ಹೊರಮೈಯ ತೇವ ಆವಿಯಾಗುವಾಗ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಎ.ಸಿ.ಯಲ್ಲೂ ಅಷ್ಟೇ. ಡ್ಯಾಶ್‌ಬೋರ್ಡಿನ ಹಿಂದೆ ದ್ರವ ಆವಿಯಾಗಿ ಕಾರಿನೊಳಗಿನ ಬಿಸಿ ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಮುಂಭಾಗದ ಕಂಡೆನ್ಸರಿಗೆ ತಳ್ಳುತ್ತದೆ. ಅಲ್ಲಿ ಬಿಸಿ ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ.

ನಮ್ಮ ಕಾರಿನಲ್ಲಿದ್ದದ್ದು ಹಳೆಯ ಆರ್-12 ಅನಿಲ. ಓಝೋನ್ ಪದರವನ್ನು ಕೆಡಿಸುವ ಅನಿಲಗಳನ್ನು ಕೈಬಿಡಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಗಿತ್ತು. ಭಾರತ 2008ರಲ್ಲಿ ಇದರ ತಯಾರಿಕೆ ನಿಲ್ಲಿಸಿತು. “ಇನ್ನ ಮುಂದ ಇದು ಸಿಗೂದಿಲ್ಲ, ಆರ್-134ಎಗೆ ಬದಲಾಯಿಸ್ರಿ” ಎಂದರು ಚಾಚಾ. ಮದುವೆಗೆಂದು ತೆಗೆದಿಟ್ಟಿದ್ದ ಹಣವನ್ನೇ ಕೊಟ್ಟೆವು.

ಕೆಲಸಕ್ಕೆ ಸಂಜೆಯಾಗುತ್ತದೆಂದಾಗ ನಾವು ಕೋಟೆಯ ಕಡೆ ನಡೆದೆವು. ಒಳಗೆ 1367ರ ಜಾಮಿಯಾ ಮಸೀದಿ. ಸಾಮಾನ್ಯವಾಗಿ ಇಂಥ ದೊಡ್ಡ ಮಸೀದಿಗಳಲ್ಲಿ ತೆರೆದ ಅಂಗಳವಿರುತ್ತದೆ. ಇಲ್ಲಿ ಅದಿಲ್ಲ, ಇಡೀ ಕಟ್ಟಡದ ಮೇಲೆ ಗುಂಬಜಗಳ ಹೊದಿಕೆ. ಹೊರಗೆ ಕಾದ ಬಂಡೆ, ಒಳಗೆ ಕಮಾನುಗಳ ಸಾಲಿನಲ್ಲಿ ನೆರಳು, ಸುಳಿದಾಡುವ ಗಾಳಿ. ದಪ್ಪ ಗೋಡೆಗೆ ಬೆನ್ನು ಕೊಟ್ಟು ಕುಳಿತಾಗ ಎದೆಯ ಆತಂಕ ಕೊಂಚ ಇಳಿಯಿತು. ಆರು ಶತಮಾನಗಳ ಹಿಂದೆ ಕಟ್ಟಿದವರು ಈ ನಾಡಿನ ಬಿಸಿಲನ್ನು ಅರಿತೇ ಕಟ್ಟಿದ್ದರೆನಿಸಿತು.

ಮರಳಿದಾಗ ಚಾಚಾ ಪೈಪಿನ ಹಳೆಯ ಎಣ್ಣೆ ತೊಳೆದು, ಹೊಸ ಅನಿಲಕ್ಕೆ ಹೊಂದುವ ಎಣ್ಣೆ ಹಾಕಿದ್ದರು. ಸಂದಿಗಳ ರಬ್ಬರ್ ಉಂಗುರ ಮತ್ತು ತೇವ ಹೀರುವ ಡ್ರೈಯರ್ ಹೊಸದು. ಹೊಸ ಅನಿಲಕ್ಕೆ ಒತ್ತಡ ಹೆಚ್ಚಾದ್ದರಿಂದ ಕಂಡೆನ್ಸರನ್ನೂ ಬದಲಿಸಿದ್ದರು. ವ್ಯಾಕ್ಯೂಮ್ ಪಂಪಿನಿಂದ ಗಾಳಿ, ತೇವ ಹೊರತೆಗೆದು, ಒತ್ತಡ ನಿಲ್ಲುತ್ತದೆಯೇ ಎಂದು ಕಾದು ನೋಡಿ, ಆಮೇಲೆಯೇ ಗ್ಯಾಸನ್ನು ತೂಗಿ ತುಂಬಿದರು. ಹಳೆಯದಕ್ಕಿಂತ ಕಡಿಮೆ ತೂಕ ಸಾಕಂತೆ.

ಮರುದಿನ ಕಮಲಾಪುರ, ಹುಮನಾಬಾದ್ ದಾಟಿ ಬೀದರ್ ತಲುಪುವವರೆಗೆ ಮಗಳು ನನ್ನ ಮಡಿಲಲ್ಲಿ ಹಾಯಾಗಿ ನಿದ್ರಿಸಿದಳು. ಅಲ್‌ಹಮ್ದುಲಿಲ್ಲಾಹ್! ಅತ್ತೆ ದಾರಿಯುದ್ದಕ್ಕೂ ಮದುವೆಯ ಮಾತಾಡುತ್ತಲೇ ಇದ್ದರು.

ಸಹೋದರಿಯರೇ, ಕಾರು ರಿಪೇರಿ ಗಂಡಸರ ವಿಷಯವೆಂದು ನಾವು ಸುಮ್ಮನಿರುತ್ತೇವೆ. ಆದರೆ ಹಿಂದಿನ ಸೀಟಿನಲ್ಲಿ ಮಗುವನ್ನೂ ವೃದ್ಧರನ್ನೂ ಹಿಡಿದು ಕುಳಿತುಕೊಳ್ಳುವವರು ನಾವೇ. ಆದ್ದರಿಂದ ಹೊರಡುವ ಮುನ್ನ “ಗ್ಯಾಸ್ ತುಂಬಿಸಿದಿರಾ?” ಎಂದಷ್ಟೇ ಕೇಳಬೇಡಿ, “ಎಲ್ಲಿ ಸೋರುತ್ತಿದೆಯೆಂದು ನೋಡಿಸಿದಿರಾ?” ಎಂದು ಕೇಳಿ. ಬಿಸಿಲಲ್ಲಿ ನಿಂತಿದ್ದ ಕಾರಿನ ಬಾಗಿಲು ತೆರೆದು ಬಿಸಿಗಾಳಿ ಹೊರಹೋದ ಮೇಲೆ ಎ.ಸಿ. ಹಾಕಿ. ಮತ್ತು ಎಷ್ಟೇ ಒಳ್ಳೆಯ ಎ.ಸಿ. ಇರಲಿ, ಮುಚ್ಚಿದ ಕಾರಿನಲ್ಲಿ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ.