ಡೇರಿ ಗೋಡೆಯ ಪತ್ರಿಕೆ

ಅಮೆರಿಕದ ಚುನಾವಣೆಯಲ್ಲಿ ಯಾರು ಗೆದ್ದರೆಂಬುದು ನಮ್ಮ ಕಣಿವೆಗೆ ಅರೆಗಳಿಗೆಯಲ್ಲಿ ಗೊತ್ತಾಗುತ್ತದೆ. ಹೊಳೆಯಾಚೆಯ ಮನೆಯ ಎಮ್ಮೆ ಕರು ಹಾಕಿದ್ದು ಗೊತ್ತಾಗಲು ನಾಲ್ಕು ದಿನ ಬೇಕು. ಅಷ್ಟರಲ್ಲಿ ಗಿಣ್ಣು ಮುಗಿದಿರುತ್ತದೆ.

ಮಲೆನಾಡಿನ ಊರಿನ ಕಷ್ಟವೇ ಅದು. ಬಯಲುಸೀಮೆಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರುತ್ತವೆ. ಒಗ್ಗರಣೆಯ ಘಾಟಿನ ಜೊತೆಗೆ ಜಗಳವೂ ಪಕ್ಕದ ಮನೆಗೆ ಹೋಗುತ್ತದೆ. ನಮ್ಮಲ್ಲಿ ಒಂದು ಮನೆ ಗುಡ್ಡದ ಬುಡದಲ್ಲಿ, ಇನ್ನೊಂದು ತೋಟದ ತುದಿಯಲ್ಲಿ. ನಡುವೆ ಗದ್ದೆ, ಹಳ್ಳ, ಮಳೆಗಾಲದಲ್ಲಿ ಜಾರುವ ಸಂಕ. ಇಲ್ಲಿ ಸುದ್ದಿಗೆ ಕಾಲೇ ಗತಿ.

ಹಿಂದೆ ಆ ಕಾಲುಗಳೆಲ್ಲ ಒಂದು ಕಡೆ ಸೇರುತ್ತಿದ್ದವು. ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯುವ ಅಂಗಳವೇ ನಮ್ಮ ಸಂಪಾದಕೀಯ ಕಚೇರಿ. ಮೆಟ್ಟುಗತ್ತಿಯ ಮೇಲೆ ಕೂತವರ ಕೈ ಅಡಿಕೆಯನ್ನು ಸುಲಿಯುತ್ತಿತ್ತು, ಬಾಯಿ ಊರನ್ನು ಸುಲಿಯುತ್ತಿತ್ತು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರು ಸೊಸೈಟಿ ಸಾಲ ಕಟ್ಟಿಲ್ಲ, ಯಾರ ತೋಟದ ಅಗಳ ಈ ವರ್ಷ ಅರ್ಧ ಅಡಿ ಆಚೆ ಸರಿಯಿತು, ಎಲ್ಲವೂ ಅಲ್ಲಿ ಚರ್ಚೆಯಾಗುತ್ತಿತ್ತು. ಒಬ್ಬರು ಸುಳ್ಳು ಸೇರಿಸಿದರೆ ಎದುರಿಗೆ ಕೂತ ಅಜ್ಜಿ, "ಹಾಗಲ್ಲ ಮಾರಾಯ, ನಾನೇ ನೋಡಿದ್ದೇನೆ" ಎಂದು ಅಲ್ಲಿಯೇ ತಿದ್ದುಪಡಿ ಹಾಕುತ್ತಿದ್ದಳು. ಈಗ ಸುಲಿಯುವ ಯಂತ್ರ ಬಂದಿದೆ. ಅದರ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ.

ಶರಾವತಿಯ ಹಿನ್ನೀರಿನ ಕಡೆಯವರಿಗೆ ಇನ್ನೊಂದು ಅಂಗಳವಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ತುಮರಿ, ಕರೂರು, ಬಾರಂಗಿಯ ಕಡೆಯ ಜನ ಸಾಗರಕ್ಕೆ ಬರಲು ಲಾಂಚನ್ನೇ ನಂಬಿದರು. ಲಾಂಚು ಹೊರಡುವವರೆಗೆ ದಡದಲ್ಲಿ ಕಾಯಬೇಕು, ಕಾಯುವವರು ಸುಮ್ಮನಿರಲಾರರು. ಆಸ್ಪತ್ರೆಯಿಂದ ಮರಳಿದವರು, ಕೋರ್ಟಿಗೆ ಹೊರಟವರು, ಸಿಗಂದೂರಿನ ಹರಕೆಯವರು ಒಂದೇ ಹಲಗೆಯ ಮೇಲೆ ನಿಲ್ಲುತ್ತಿದ್ದರು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ತೆರೆಯಿತು. ಅದು ಬರಲೇಬೇಕಿತ್ತು, ರಾತ್ರಿ ಹೆರಿಗೆ ನೋವು ಬಂದ ಮನೆಯವರನ್ನು ಕೇಳಿ ನೋಡಿ. ಆದರೆ ಸೇತುವೆಯ ಮೇಲೆ ಯಾರೂ ಯಾರಿಗೂ ಕಾಯುವುದಿಲ್ಲ.

"ಈಗ ವಾಟ್ಸಾಪ್ ಗ್ರೂಪ್ ಇದೆಯಲ್ಲ" ಎನ್ನುತ್ತೀರಿ. ಇದೆ. ಬೆಳಗ್ಗೆ ಎದ್ದರೆ ಅದರಲ್ಲಿ ದೇವರ ಪಟಗಳು, ಶುಭೋದಯಗಳು, ಸಕ್ಕರೆ ಕಾಯಿಲೆಗೆ ಯಾರೋ ಕಂಡುಹಿಡಿದ ಕಷಾಯ. ಇವುಗಳ ಅಡಿಯಲ್ಲಿ "ನಾಳೆ ಇಡೀ ದಿನ ಕರೆಂಟಿಲ್ಲ" ಎಂಬ ಒಂದು ಸಾಲು ಹೂತುಹೋಗಿರುತ್ತದೆ. ಅದನ್ನು ಅಗೆದು ತೆಗೆಯುವ ಹೊತ್ತಿಗೆ ಕರೆಂಟು ಹೋಗಿರುತ್ತದೆ. ಟವರಿನ ಬ್ಯಾಟರಿ ಮುಗಿದರೆ ಗ್ರೂಪೂ ಹೋಗುತ್ತದೆ.

ಹಾಗಾಗಿ ನನ್ನದೊಂದು ಹಳೆಯ ಕಾಲದ ಆಸೆ: ಕಣಿವೆಗೊಂದು ವಾರಪತ್ರಿಕೆ ಬೇಕು. ಒಂದೇ ಹಾಳೆ. ಸಂತೆಯ ಹಿಂದಿನ ದಿನ ಕೈಯಲ್ಲಿ ಬರೆದು ಹಾಲಿನ ಡೇರಿಯ ಗೋಡೆಗೆ ಅಂಟಿಸಿದರೆ ಸಾಕು. ಹಾಲು ಹಾಕಲು ಬರುವವರಿಗಿಂತ ನಿಷ್ಠಾವಂತ ಚಂದಾದಾರರು ಯಾವ ಪತ್ರಿಕೆಗಿದ್ದಾರೆ?

ಮುಖಪುಟದ ಸುದ್ದಿಗೆ ಬರವಿಲ್ಲ. ಕಾಡಿನಂಚಿನಲ್ಲಿ ಮಂಗ ಸತ್ತು ಬಿದ್ದರೆ ರಾಜಧಾನಿಯ ಪತ್ರಿಕೆಗೆ ಅದು ಸುದ್ದಿಯಲ್ಲ. ನಮಗೆ ಅದೇ ದೊಡ್ಡ ತಲೆಬರಹ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ 2018ರ ಕೊನೆಗೆ ಸಾಗರದ ಅರಳಗೋಡಿನಲ್ಲಿ ಎದ್ದು ಜೀವ ತೆಗೆಯಿತು. ಸತ್ತ ಮಂಗನ ಮೈಯಿಂದ ಇಳಿದ ಉಣುಗು ದರಕಿಗೆ ಹೋದವರ ಕಾಲನ್ನು ಕಾಯುತ್ತಿರುತ್ತದೆ. "ಮೇಲಿನ ಕಾನಿನಲ್ಲಿ ಮಂಗ ಸತ್ತಿದೆ, ಆರೋಗ್ಯ ಇಲಾಖೆಗೆ ತಿಳಿಸಿದ್ದೇವೆ, ಸದ್ಯ ಆ ಕಡೆ ಸೊಪ್ಪಿಗೆ ಹೋಗಬೇಡಿ": ಈ ಎರಡು ಸಾಲು ಒಂದು ಮನೆಯನ್ನು ಉಳಿಸಬಲ್ಲದು.

ಮಳೆಗಾಲದ ಸಂಚಿಕೆಗೆ ಕೊಳೆರೋಗವಿದೆ. ಬೋರ್ಡೋ ದ್ರಾವಣದ ಲೆಕ್ಕ ಎಲ್ಲರಿಗೂ ಬಾಯಿಪಾಠ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಗೊತ್ತಿಲ್ಲದ್ದು ಬೇರೆ: ಔಷಧಿ ಹೊಡೆಯುವವರು ಈಗ ಯಾರ ತೋಟದಲ್ಲಿದ್ದಾರೆ, ಅಲ್ಲಿಂದ ಯಾರ ತೋಟಕ್ಕೆ? ಇದನ್ನು ಅಚ್ಚು ಹಾಕುವ ಧೈರ್ಯ ಯಾವ ಸಂಪಾದಕನಿಗಿದೆಯೋ ಅವನೇ ಕಣಿವೆಯ ನಿಜವಾದ ನಾಯಕ.

ಅಚ್ಚಾಗದ ಸುದ್ದಿಯಲ್ಲಿಯೇ ಪತ್ರಿಕೆಯ ಜಾಣತನವಿರುವುದು. ಒಬ್ಬರ ದನ ಇನ್ನೊಬ್ಬರ ಗದ್ದೆ ಮೇಯ್ದಿತು ಎಂದು ಬರೆದರೆ ನಾಳೆ ಎರಡು ಮನೆಯವರು ಪಂಚಾಯಿತಿ ಕಟ್ಟೆಯಲ್ಲಿ. "ಕೆಂದ ಬಣ್ಣದ ದನವೊಂದು ಹಳ್ಳದ ಮೇಲಿನ ಗದ್ದೆಯಲ್ಲಿ ಕಂಡುಬಂದಿದೆ, ಚೆನ್ನಾಗಿದೆ" ಎಂದು ಬರೆದರೆ ಸಾಕು. ಯಾರ ದನ, ಯಾರ ಗದ್ದೆ ಎಂಬುದು ಡೇರಿಗೆ ಬರುವ ಹುಡುಗನಿಗೂ ಗೊತ್ತು. ಸಂಜೆಯೊಳಗೆ ಬೇಲಿಗೆ ಹೊಸ ಗೂಟ ಬಿದ್ದಿರುತ್ತದೆ. ದೂರದ ಪತ್ರಿಕೆಯವನು ಯಾರನ್ನು ಬೈದರೂ ಅವರ ಮುಖ ನೋಡಬೇಕಾಗಿಲ್ಲ. ನಮ್ಮ ಸಂಪಾದಕ ಬೆಳಗಿನ ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕೂರಬೇಕು. ಸುಳ್ಳು ಬರೆಯದಂತೆ ತಡೆಯುವುದೂ, ಸತ್ಯವನ್ನು ಒರಟಾಗಿ ಬರೆಯದಂತೆ ತಡೆಯುವುದೂ ಆ ಸೀಟೇ.

ಇದೇನು ಹುಚ್ಚು ಎನ್ನುವವರಿಗೆ ಎರಡು ಮಾತು. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದೇ ಒಂದು ಊರಿನ ಹೆಸರಿನಲ್ಲಿ: 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’. ಸರ್ಕಾರದ, ದೇಶಾಂತರದ ವರ್ತಮಾನದ ಜೊತೆಗೆ ಊರ ವರ್ತಮಾನಕ್ಕೂ ಅದರಲ್ಲಿ ಜಾಗವಿತ್ತು. ಇನ್ನು ಬರೆಯುವವರು ಎಲ್ಲಿ ಎಂದರೆ, 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ಯನ್ನು ನೋಡಿ. ಕೃಷಿಕರ ಕೈಗೆ ಲೇಖನಿ ಕೊಟ್ಟರೆ ಅವರು ತಜ್ಞರಿಗಿಂತ ಕೆಲಸಕ್ಕೆ ಬರುವಂತೆ ಬರೆಯುತ್ತಾರೆಂದು ಅದು ತೋರಿಸಿಕೊಟ್ಟಿದೆ.

ನಮ್ಮಲ್ಲಿ ಹುಡುಗರು ಬೆಂಗಳೂರಿಗೆ ಹೋದರು, ಮನೆಗಳಲ್ಲಿ ಇಬ್ಬಿಬ್ಬರು ವಯಸ್ಸಾದವರು ಉಳಿದರು. ಯಾರ ಮನೆಯ ಬಾಗಿಲು ಮೂರು ದಿನದಿಂದ ತೆರೆದಿಲ್ಲ ಎಂಬುದು ಈಗ ನಮ್ಮ ಕಣಿವೆಯ ಅತಿ ಮುಖ್ಯ ಸುದ್ದಿ. ಅದನ್ನು ಯಾವ ಚಾನೆಲ್ಲೂ ಹೇಳುವುದಿಲ್ಲ. ಆದ್ದರಿಂದ ನಿಮ್ಮೂರ ಡೇರಿಯ ಗೋಡೆ ಖಾಲಿಯಿದ್ದರೆ ಈ ವಾರವೇ ಒಂದು ಹಾಳೆ ಅಂಟಿಸಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಕೆಳಗೆ ನಿಮ್ಮ ಹೆಸರು ಮಾತ್ರ ಬರೆಯಿರಿ. ಹೆಸರಿಲ್ಲದ ಸುದ್ದಿ ಊರಲ್ಲಿ ಈಗಾಗಲೇ ಬೇಕಾದಷ್ಟಿದೆ.