ಶತ್ರುವಿಗೂ ಸ್ವಲ್ಪ ಬುದ್ಧಿ ಬೇಕು

ಟರ್ಕಿ ದೇಶದವರು 2010ರಲ್ಲಿ ಹೊರತಂದ ‘ಮೌಂಟ್ ಅಂಡ್ ಬ್ಲೇಡ್: ವಾರ್‌ಬ್ಯಾಂಡ್’ ಎಂಬ ಕಂಪ್ಯೂಟರ್ ಆಟವನ್ನು ಈ ರಜೆಯಲ್ಲಿ ಅಣ್ಣನ ಜೊತೆ ಆಡಿದೆ. ಕುದುರೆ, ಈಟಿ, ಬಿಲ್ಲುಗಳ ಹಳೇ ಕಾಲದ ಯುದ್ಧ. ಕಂಪ್ಯೂಟರಿಗೆ ಭಾರವಾಗಬಾರದೆಂದು ದೊಡ್ಡ ಸೈನ್ಯವೆಲ್ಲ ಒಮ್ಮೆಗೇ ಕಣಕ್ಕೆ ಇಳಿಯುವುದಿಲ್ಲ. ಇದ್ದವರು ಬಿದ್ದು ಕಡಿಮೆಯಾದಾಗ ಮೈದಾನದ ಅಂಚಿನಿಂದ ಹೊಸಬರು ಬರ್ತಾರೆ.

ಬರೋ ರೀತಿ ನೋಡಿದ್ರೆ ಮಾತ್ರ ನಗು ಬರುತ್ತೆ! ಕುದುರೆಯವನು ಮೊದಲು, ಕಾಲಾಳು ಆಮೇಲೆ, ಚೆದುರಿಕೊಂಡು ಓಡಿ ಬಂದು ನಮ್ಮ ಈಟಿಗೇ ಬೀಳ್ತಾರೆ. ಮೂರನೇ ದಿನಕ್ಕೆ ಗೆಲ್ಲೋದೇ ಬೇಜಾರಾಯ್ತು. ಅಣ್ಣ ‘ಗೆದ್ರೆ ಸಾಕಲ್ಲ’ ಅಂದ. ನನಗೆ ಸಾಕಾಗಲಿಲ್ಲ.

ನಿಜವಾದ ಯುದ್ಧದಲ್ಲಿ ನೆರವಿನ ಪಡೆ ಎಂದರೆ ಎದೆ ನಡುಗಬೇಕು. 1314ರಲ್ಲಿ ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್‌ನಲ್ಲಿ ರಾಬರ್ಟ್ ಬ್ರೂಸನ ಕಡೆಯ ಬಿಡಾರದ ಆಳುಕಾಳುಗಳು ಗುಂಪಾಗಿ ಗುಡ್ಡದ ಕಡೆಯಿಂದ ಬಂದರಂತೆ. ಹೊಸ ಸೈನ್ಯವೇ ಬಂತೆಂದು ಇಂಗ್ಲಿಷರು ಕಂಗೆಟ್ಟರಂತೆ. ಆಳುಗಳು, ಸೈನಿಕರಲ್ಲ! ಒಟ್ಟಾಗಿ ಬಂದದ್ದಕ್ಕೇ ಅಷ್ಟು ಹೆದರಿಕೆ.

ಆಟದಲ್ಲೂ ಹೊಸಬರು ಅಂಚಿನಲ್ಲೇ ಕಾಯಬೇಕು. ಇಪ್ಪತ್ತು ಜನ ಸೇರಿ, ಗುರಾಣಿಯವರು ಮುಂದೆ, ಬಿಲ್ಲಿನವರು ಹಿಂದೆ ನಿಂತ ಮೇಲೆ ಹೊರಡಬೇಕು. ಕುದುರೆಯವರು ಸುತ್ತಿ ಬಳಸಿ ಪಕ್ಕದಿಂದ ನುಗ್ಗಲಿ. ಮುಂದಿನವರು ಆಗಲೇ ಸೋತು ಓಡ್ತಿದ್ರೆ ಇವರೂ ಹಿಂದೆ ಸರೀಬೇಕು, ಸುಮ್ನೆ ಸಾಯೋದ್ಯಾಕೆ?

‘ಹಾಗಾದ್ರೆ ನೀನೇ ಸೋಲ್ತೀಯ’ ಅಂತಾನೆ ಅಣ್ಣ. ಸೋಲ್ತೀನಿ, ಬಿಡಿ. ಈ ಆಟವನ್ನು ಆಡುವವರೂ ತಿದ್ದಬಹುದು. ಅದಕ್ಕೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬರಬೇಕು. ಮೊದಲ ಪಾಠ ಅಣ್ಣನಿಂದಲೇ ಹೇಳಿಸಿಕೊಂಡಿದ್ದೇನೆ.