ಎದುರು ಕೂರುವವರಿದ್ದರೆ ಆಟ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳೆಯ ಮನೆಗಳಲ್ಲಿ ಆಟಿಯ ಮಳೆಗೆ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿತ್ತು. 14 ಗುಳಿಗಳು, ಗುಳಿಗೆ 4ರಂತೆ 56 ಕಾಯಿಗಳು. ಆಡುವವನು ಎದುರಾಳಿಯ ಗುಳಿಗಳಿಗೂ ಕಾಯಿ ಹಂಚುತ್ತಲೇ ಸಾಗಬೇಕು. ಕೊಡದೆ ಗೆಲ್ಲುವ ದಾರಿ ಇಲ್ಲಿಲ್ಲ.

ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ 15,683 ಸಾಲುಗಳ ಸಿರಿ ಕಾವ್ಯವನ್ನು ಲೌರಿ ಹಾಂಕೊ ಅವರ ಬಳಗವು 1990ರಲ್ಲಿ ಧ್ವನಿಮುದ್ರಿಸಿತು. ಅದರಲ್ಲಿ ಅವಳಿ ಸೋದರಿಯರಾದ ಅಬ್ಬಗೆ-ದಾರಗೆಯರು ಚೆನ್ನೆಯಾಡುತ್ತ ಕಲಹಕ್ಕಿಳಿದಾಗ ಮಣೆಯೇ ಆಯುಧವಾಗುತ್ತದೆ. ಒಡಹುಟ್ಟಿದವರು ಎದುರುಬದುರು ಆಡಬಾರದೆಂಬ ಹಿರಿಯರ ಕಟ್ಟಳೆಯ ಹಿಂದೆ ಈ ಕ್ರೋಧದ ಭಯವಿದೆ.

ಇಂದು ಮಣೆಗಳಿವೆ, ಎದುರು ಕೂರುವವರು ವಿರಳ. ಗಾಜಿನ ಕಪಾಟಿನಲ್ಲಿಟ್ಟರೆ ಮರ ಉಳಿದೀತು, ಆಟ ಉಳಿಯದು. ಬಲ್ಲವರು ಮಗುವಿನೆದುರು ಕುಳಿತು, ಗೆಲುವಿನ ಹಟ ಬಿಟ್ಟು ಕಲಿಸಬೇಕು. ಸೋತ ಮಗು ಮರುದಿನವೂ ಮಣೆಯ ಬಳಿ ಬಂದರೆ ಮಾತ್ರ ಚೆನ್ನೆ ಮುಂದಿನ ಆಟಿಯನ್ನು ಕಾಣುತ್ತದೆ.